ಸ್ಪ್ರವಾಟೋ ಮೂಗಿನ ಸ್ಪ್ರೇ: ಡಿಪರ್ಸನಲೈಸೇಶನ್ ಇರುವವರು ಆ ಕುರ್ಚಿಯಲ್ಲಿ ಕೂರುವ ಮುನ್ನ

ಸ್ಪ್ರವಾಟೋ ಎಂಬ ಹೆಸರಿನಲ್ಲಿ ಸಿಗುವ ಎಸ್‌ಕೆಟಮಿನ್ ಮೂಗಿನ ಸ್ಪ್ರೇಯನ್ನು ಎಲ್ಲರೂ ಖಿನ್ನತೆಯ ಕಡೆಯಿಂದಲೇ ಅಳೆಯುತ್ತಾರೆ: ಮನಸ್ಸು ಹಗುರಾಯಿತೇ, ಎಷ್ಟು ಬೇಗ ಆಯಿತು, ಎಷ್ಟು ದಿನ ನಿಂತಿತು. ನಾವಿಲ್ಲಿ ಬೇರೆ ಕಡೆಯಿಂದ ನೋಡುತ್ತಿದ್ದೇವೆ. ಈ ಔಷಧಿ ಒಳಗೆ ಹೋದ ಮುಕ್ಕಾಲು ಗಂಟೆಯೊಳಗೆ ಬಹುತೇಕರಲ್ಲಿ ಒಂದು ಸ್ಥಿತಿ ಬರುತ್ತದೆ. ತಾನು ತನ್ನ ದೇಹದಿಂದಲೇ ದೂರ ಸರಿದ ಹಾಗೆ, ಸುತ್ತಲಿನ ಕೋಣೆ ನಿಜವಲ್ಲ ಅನ್ನಿಸುವ ಹಾಗೆ. ಇದೇ ಸ್ಥಿತಿ ಯಾವ ಔಷಧಿಯೂ ಇಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿದುಕೊಂಡು ಬಿಡದ ಕಾಯಿಲೆಯೂ ಇದೆ. ಅದನ್ನು ಡಿಪರ್ಸನಲೈಸೇಶನ್-ಡಿರಿಯಲೈಸೇಶನ್ ಡಿಸಾರ್ಡರ್ ಎನ್ನುತ್ತಾರೆ. ಖಿನ್ನತೆಯ ಜೊತೆಗೆ ಈ ಕಾಯಿಲೆಯನ್ನೂ ಹೊತ್ತವರಿಗೆ ಸ್ಪ್ರೇ ಆಗಿಬರುತ್ತದೆಯೇ, ಅದನ್ನು ಕೊಡುವ ಕೇಂದ್ರ ಇಂಥವರನ್ನು ನೋಡಿಕೊಳ್ಳಲು ತಯಾರಿದೆಯೇ ಎಂಬುದನ್ನೇ ಇಲ್ಲಿ ತೂಗಿ ನೋಡಿದ್ದೇವೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಕನಿಷ್ಠ ಎರಡು ಖಿನ್ನತೆ ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ಕಾಲ ತೆಗೆದುಕೊಂಡರೂ ಚೇತರಿಸಿಕೊಳ್ಳದವರಿಗೆ ಇದು ಗಂಭೀರವಾಗಿ ಪರಿಗಣಿಸಬೇಕಾದ ಚಿಕಿತ್ಸೆ. ಡಿಪರ್ಸನಲೈಸೇಶನ್ ಕಾಯಿಲೆಗೆ ಇದು ಚಿಕಿತ್ಸೆಯಲ್ಲ. ಹಾಗೆಂದು ಮಾರುವ ಕೇಂದ್ರದಿಂದ ಎದ್ದು ಬರಬೇಕು. ಎರಡೂ ಇರುವವರು ತೆಗೆದುಕೊಳ್ಳಲೇಬಾರದು ಎಂದೇನಿಲ್ಲ. ಆದರೆ ಮೊದಲ ಡೋಸಿಗೆ ಮುಂಚೆ ಆಗಬೇಕಾದ ಕೆಲಸ ಬಹಳ ಇದೆ, ಮತ್ತು ಸಾಮಾನ್ಯ ನೋಂದಣಿ ಫಾರ್ಮಿನಲ್ಲಿ ಆ ಕೆಲಸಕ್ಕೆ ಜಾಗವೇ ಇರುವುದಿಲ್ಲ.

ಮೊದಲು ವಸ್ತುವಿನ ಪರಿಚಯ, ಅದರ ಮೂಲವಾದ ಕೆಟಮಿನ್‌ಗೂ ಹಿಂದಿನಿಂದ. 1956ರಲ್ಲಿ ಪಾರ್ಕ್-ಡೇವಿಸ್ ಕಂಪನಿಯ ಪ್ರಯೋಗಾಲಯದಲ್ಲಿ ಫೆನ್‌ಸೈಕ್ಲಿಡಿನ್ ತಯಾರಾಯಿತು. ಅರಿವಳಿಕೆಯಾಗಿ ಕೆಲಸ ಮಾಡಿತು, ಆದರೆ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದ ಮೇಲೂ ರೋಗಿಗಳು ಭ್ರಮೆ, ಗಲಿಬಿಲಿ, ಕೆರಳಾಟದಲ್ಲಿ ಉಳಿಯುತ್ತಿದ್ದರು. 1965ರಲ್ಲಿ ಅದನ್ನು ಮನುಷ್ಯರ ಬಳಕೆಯಿಂದ ಹಿಂತೆಗೆದರು. ಅಷ್ಟರಲ್ಲಿ ಅದೇ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಕೆಟಮಿನ್ ತಯಾರಿಸಿದ್ದರು. ಅದರ ಪರಿಣಾಮ ಬೇಗ ಇಳಿಯುತ್ತಿತ್ತು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡಿದರು, 1970ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅರಿವಳಿಕೆಯಾಗಿ ಒಪ್ಪಿತು. ಕೆಟಮಿನ್‌ನಲ್ಲಿ ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎರಡು ಅಣುಗಳು ಸಮವಾಗಿ ಬೆರೆತಿರುತ್ತವೆ. ಅವುಗಳಲ್ಲಿ ಎನ್‌ಎಂಡಿಎ ಗ್ರಾಹಕಕ್ಕೆ (ಮಿದುಳಿನ ಕೋಶಗಳು ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿಯುವ ಜಾಗಕ್ಕೆ) ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವ ಅಣುವನ್ನು ಮಾತ್ರ ಬೇರ್ಪಡಿಸಿ ತೆಗೆದದ್ದೇ ಎಸ್‌ಕೆಟಮಿನ್. ಅದರ ಮೂಗಿನ ಸ್ಪ್ರೇಗೆ 2019ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಬಾಯಿಯಿಂದ ತೆಗೆದುಕೊಳ್ಳುವ ಖಿನ್ನತೆ ಮಾತ್ರೆಯೊಂದರ ಜೊತೆಗೆ ಬಳಸಬೇಕೆಂಬ ಷರತ್ತಿನ ಮೇಲೆ. 2025ರ ಜನವರಿಯಲ್ಲಿ ಮಾತ್ರೆಯಿಲ್ಲದೆ ಸ್ಪ್ರೇಯನ್ನಷ್ಟೇ ಕೊಡಲೂ ಅನುಮತಿ ಬಂತು.

ಸಾಧನ ಚೆನ್ನಾಗಿ ಯೋಚಿಸಿ ಮಾಡಿದ್ದು. ಒಂದೊಂದರಲ್ಲಿ 28 ಮಿಲಿಗ್ರಾಂ ಔಷಧಿ, ಎರಡು ಸಲ ಒತ್ತುವಷ್ಟು. ಪ್ರತಿ ಮೂಗಿನ ಹೊಳ್ಳೆಗೆ ಒಂದು. 56 ಮಿಲಿಗ್ರಾಂ ಡೋಸಿಗೆ ಎರಡು ಸಾಧನ, 84ಕ್ಕೆ ಮೂರು. ಹೊರಮೈಯಲ್ಲಿ ಎರಡು ಹಸಿರು ಚುಕ್ಕೆಗಳಿವೆ, ಒಂದೊಂದು ಸಲ ಒತ್ತಿದಾಗ ಒಂದೊಂದು ಮಾಯವಾಗುತ್ತದೆ. ಬೇರೆ ಮೂಗಿನ ಸ್ಪ್ರೇಗಳ ಅಭ್ಯಾಸವಿರುವವರು ಮೊದಲು ಗಾಳಿಯಲ್ಲಿ ಒಂದು ಸಲ ಒತ್ತಿ ನೋಡುತ್ತಾರಲ್ಲ, ಇಲ್ಲಿ ಹಾಗೆ ಮಾಡಿದರೆ ಅರ್ಧ ಡೋಸು ಗಾಳಿಪಾಲು. ರೋಗಿಯೇ ತನ್ನ ಕೈಯಿಂದ ಒತ್ತಿಕೊಳ್ಳಬೇಕು, ಸಿಬ್ಬಂದಿ ಪಕ್ಕದಲ್ಲಿದ್ದು ನೋಡಬೇಕು. ಸಾಧನವನ್ನು ಮನೆಗೆ ಕೊಡುವಂತಿಲ್ಲ.

ಕ್ರಮ ಹೀಗೆ. ಮೊದಲ ಸಾಧನಕ್ಕೆ ಮುಂಚೆ ಮಾತ್ರ ಸಿಂಬಳ ತೆಗೆದು ಮೂಗು ಸ್ವಚ್ಛ ಮಾಡಿಕೊಳ್ಳಬೇಕು, ಆಮೇಲೆ ತೆಗೆಯಬಾರದು. ಒರಗು ಕುರ್ಚಿಯಲ್ಲಿ ತಲೆಯನ್ನು ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿಸಬೇಕು. ತುದಿಯನ್ನು ನೇರವಾಗಿ ಒಂದು ಹೊಳ್ಳೆಯೊಳಗಿಟ್ಟು, ಇನ್ನೊಂದನ್ನು ಬೆರಳಿಂದ ಮುಚ್ಚಿ, ಮೂಗಿನಿಂದ ಉಸಿರು ಎಳೆಯುತ್ತ ಪ್ಲಂಜರನ್ನು ಪೂರ್ತಿ ನಿಲ್ಲುವವರೆಗೆ ಒತ್ತಬೇಕು. ಆಮೇಲೆ ಔಷಧಿ ಒಳಗೇ ಉಳಿಯುವಷ್ಟು ಮೆಲ್ಲಗೆ ಒಮ್ಮೆ ಎಳೆದುಕೊಂಡು, ಕೈ ಬದಲಿಸಿ ಇನ್ನೊಂದು ಹೊಳ್ಳೆಗೆ. ಎರಡು ಸಾಧನಗಳ ನಡುವೆ ಐದು ನಿಮಿಷ ಬಿಡಬೇಕು. ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಜೋರಾಗಿ ಎಳೆಯುವುದು. ಔಷಧಿ ಗಂಟಲಿಗಿಳಿದು ಬಾಯೆಲ್ಲ ಕಹಿಯಾಗುತ್ತದೆ, ನುಂಗಿದ ಭಾಗದ ಬಹುಪಾಲನ್ನು ರಕ್ತ ಸೇರುವ ಮೊದಲೇ ಯಕೃತ್ತು ಒಡೆದುಹಾಕುತ್ತದೆ. ಎರಡು, ತಲೆ ವಾಲಿಸದೆ ನೆಟ್ಟಗೆ ಕೂರುವುದು. ಹನಿ ಮೂಗಿನಿಂದ ಹೊರಗೆ ಸೋರುತ್ತದೆ. ಮೂರು, ಐದು ನಿಮಿಷ ಕಾಯದಿರುವುದು. ಮೊದಲ ಸ್ಪ್ರೇಯನ್ನು ಮೂಗಿನ ಒಳಪದರ ಹೀರುವ ಮೊದಲೇ ಎರಡನೆಯದು ಅದನ್ನು ತೊಳೆದುಕೊಂಡು ಹೋಗುತ್ತದೆ. ಈ ಮೂರರಲ್ಲಿ ಯಾವುದಾದರೂ ಪ್ರತಿ ಸಲ ಬೇರೆಬೇರೆ ರೀತಿ ನಡೆದರೆ ಒಂದು ವಾರದ ಡೋಸಿಗೂ ಮುಂದಿನ ವಾರದ ಡೋಸಿಗೂ ಹೋಲಿಕೆಯೇ ಉಳಿಯುವುದಿಲ್ಲ. ಡಿಪರ್ಸನಲೈಸೇಶನ್ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಕಳೆದ ಸಲ ಹಗುರವಾಗಿ ಹೋದದ್ದು ಈ ಸಲ ಗಟ್ಟಿಯಾಗಿ ಹಿಡಿದರೆ ‘ನನ್ನ ಕಾಯಿಲೆ ಕೆರಳಿತು’ ಎಂಬ ಹೆದರಿಕೆಯೇ ಮೊದಲು ಬರುತ್ತದೆ. ಸೋರಿದ್ದು ಎಷ್ಟೆಂದು ಗೊತ್ತಾಗದೆ ಅಂದಾಜಿನ ಮೇಲೆ ಇನ್ನೊಂದು ಒತ್ತುವುದಂತೂ ಸಲ್ಲದು.

ಆ ದಿನದ ತಯಾರಿಯ ನಿಯಮಗಳಿಗೆಲ್ಲ ಕಾರಣಗಳಿವೆ. ಎರಡು ಗಂಟೆ ಮುಂಚಿನಿಂದ ಊಟ ತಿಂಡಿ ಬೇಡ, ಅರ್ಧ ಗಂಟೆ ಮುಂಚಿನಿಂದ ನೀರೂ ಬೇಡ. ವಾಕರಿಕೆ, ವಾಂತಿ ಸಾಮಾನ್ಯ. ಮೂಗು ಕಟ್ಟಿದ್ದಕ್ಕೆ ಹಾಕುವ ಸ್ಪ್ರೇ ಅಥವಾ ಸ್ಟೀರಾಯ್ಡ್ ಸ್ಪ್ರೇ ಇದ್ದರೆ ಕನಿಷ್ಠ ಒಂದು ಗಂಟೆ ಮುಂಚೆ ಮುಗಿಸಬೇಕು. ಬಿ.ಪಿ. ನೋಡದೆ ಶುರು ಮಾಡಬಾರದು. 140/90ಕ್ಕಿಂತ ಮೇಲಿದ್ದರೆ ಅವತ್ತು ಕೊಡಬೇಕೇ ಬೇಡವೇ ಎಂದು ವೈದ್ಯರು ಯೋಚಿಸಬೇಕು, ಏಕೆಂದರೆ ಡೋಸಿನ ಸುಮಾರು 40 ನಿಮಿಷಕ್ಕೆ ಅದು ಇನ್ನೂ ಏರುತ್ತದೆ. ಅಪಧಮನಿಯ ಗೋಡೆ ಬಲೂನಿನಂತೆ ಉಬ್ಬಿದ ಕಾಯಿಲೆ (ಅನ್ಯೂರಿಸಂ), ಅಪಧಮನಿ-ಅಭಿಧಮನಿ ತಪ್ಪಾಗಿ ಕೂಡಿಕೊಂಡ ತೊಂದರೆ, ಹಿಂದೆ ಮಿದುಳಿನೊಳಗೆ ರಕ್ತಸ್ರಾವವಾದ ಇತಿಹಾಸ ಇದ್ದವರಿಗೆ ಇದು ಪೂರ್ತಿ ನಿಷಿದ್ಧ. ಡೋಸಿನ ನಂತರ ಕನಿಷ್ಠ ಎರಡು ಗಂಟೆ ಅಲ್ಲೇ ಇರಬೇಕು. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಏಳುವವರೆಗೆ ವಾಹನ ಓಡಿಸುವಂತಿಲ್ಲ. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಐದರಿಂದ ಎಂಟನೆಯ ವಾರದವರೆಗೆ ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ. ಕೆಲಸಕ್ಕೆ ಹೋಗುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಮೊದಲ ತಿಂಗಳು ನಿಜಕ್ಕೂ ಭಾರ. ಎಂಟು ದಿನಗಳಿಗೂ ಕರೆದುಕೊಂಡು ಹೋಗಿ ಬರುವವರು ಯಾರೆಂದು ಮೊದಲೇ ಗೊತ್ತು ಮಾಡಿಕೊಳ್ಳದೆ ಶುರು ಮಾಡಬೇಡಿ.

ಇನ್ನು ಕುರ್ಚಿಯಲ್ಲಿ ಏನಾಗುತ್ತದೆ ಎಂಬುದು. ಮೊದಲು ತುಟಿ, ಬೆರಳ ತುದಿ ಜೋಮು ಹಿಡಿದಂತಾಗುತ್ತದೆ, ತಲೆ ತೇಲುತ್ತದೆ. ಆಮೇಲೆ ತೊಡೆಯ ಮೇಲಿರುವ ಕೈ ತನ್ನದೇ ಹೌದೆಂದು ಗೊತ್ತಿದ್ದೂ ತನ್ನದೆನ್ನಿಸುವುದಿಲ್ಲ. ನರ್ಸ್ ಮಾತಾಡಿದರೆ ಪದಗಳು ಸ್ಪಷ್ಟವಾಗಿ ಕೇಳುತ್ತವೆ, ದನಿ ಮಾತ್ರ ಬಹಳ ದೂರದಿಂದ ಬಂದ ಹಾಗಿರುತ್ತದೆ. ಉತ್ತರ ಕೊಟ್ಟಾಗ ಕೇಳುವ ತನ್ನ ದನಿಯೂ ಹಾಗೆಯೇ. ಗೋಡೆ ಚಿತ್ರ ಬರೆದಂತೆ ಚಪ್ಪಟೆಯಾಗಿ ಕಾಣಬಹುದು, ಐದು ನಿಮಿಷ ಅರ್ಧ ಗಂಟೆಯಷ್ಟು ಉದ್ದವಾಗಬಹುದು. ಇದು ಸುಮಾರು 40ನೆಯ ನಿಮಿಷಕ್ಕೆ ತುದಿ ಮುಟ್ಟಿ, ಒಂದೂವರೆ ಗಂಟೆಯ ಹೊತ್ತಿಗೆ ಹೆಚ್ಚಿನವರಲ್ಲಿ ಇಳಿದಿರುತ್ತದೆ. ಔಷಧಿಯ ಪ್ರಯೋಗಗಳಲ್ಲಿ ಸ್ಪ್ರೇ ಪಡೆದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಬದಲಾವಣೆಗಳು ಅಳತೆಗೆ ಸಿಕ್ಕಿವೆ. ಡೋಸಿನಿಂದ ಡೋಸಿಗೆ ಇದರ ತೀವ್ರತೆ ಸಾಮಾನ್ಯವಾಗಿ ತಗ್ಗುತ್ತ ಹೋಗುತ್ತದೆ.

ಡಿಪರ್ಸನಲೈಸೇಶನ್ ಕಾಯಿಲೆ ಇರುವವರಿಗೆ ಮೇಲಿನ ವಿವರಣೆಯಲ್ಲಿ ಹೊಸದು ಬಹಳವೇನೂ ಇರುವುದಿಲ್ಲ. ಇಲ್ಲಿ ಎರಡರ ನಡುವಿನ ಸಂಬಂಧವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೇಂದ್ರಗಳ ಕರಪತ್ರಗಳು ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಎರಡೂ ಕಡೆ ಹೋಲುವುದು ಅನುಭವದ ಮೇಲ್ಮೈ. ಎರಡರಲ್ಲೂ ವಾಸ್ತವದ ಅರಿವು ಕೆಡುವುದಿಲ್ಲ: ‘ಹೀಗನ್ನಿಸುತ್ತಿದೆ, ಆದರೆ ನಿಜವಾಗಿ ಹೀಗಿಲ್ಲ’ ಎಂಬ ತಿಳಿವು ಉಳಿದಿರುತ್ತದೆ. ವ್ಯತ್ಯಾಸ ಮೂರು ಕಡೆ ಇದೆ. ಔಷಧಿಯದ್ದಕ್ಕೆ ಶುರು, ತುದಿ, ಕೊನೆ ಇವೆ. ಕಾಯಿಲೆಯದ್ದಕ್ಕೆ ಕೊನೆ ಕಾಣುವುದಿಲ್ಲ. ಔಷಧಿಯಲ್ಲಿ ಕಣ್ಣು, ಕಿವಿ, ಕಾಲದ ಅಳತೆಯೆಲ್ಲ ಒಟ್ಟಿಗೆ ತಿರುಚಿಕೊಳ್ಳುತ್ತವೆ. ಕಾಯಿಲೆಯಲ್ಲಿ ಹೆಚ್ಚು ನೋಯಿಸುವುದು ಭಾವನೆಗಳ ಜಡತೆ, ಅಂದರೆ ಹತ್ತಿರದವರ ಮುಖ ನೋಡಿದರೂ ಒಳಗೆ ಏನೂ ಅಲ್ಲಾಡದಿರುವುದು. ಮೂರನೆಯದು ಕಾವಲು. ಕಾಯಿಲೆ ಇರುವವರು ‘ಈಗ ಹೇಗಿದ್ದೇನೆ, ಇನ್ನೂ ಹಾಗೇ ಇದೆಯೇ’ ಎಂದು ದಿನವಿಡೀ ತಮ್ಮನ್ನೇ ಪರೀಕ್ಷಿಸಿಕೊಳ್ಳುತ್ತಿರುತ್ತಾರೆ. ಆ ಪರೀಕ್ಷೆಯೇ ಆತಂಕವನ್ನೂ, ಆತಂಕ ಮತ್ತೆ ದೂರದ ಭಾವವನ್ನೂ ಹೆಚ್ಚಿಸುತ್ತದೆ. ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಬಿಡಿಸಲು ನೋಡುವುದು ಈ ಸುತ್ತನ್ನೇ.

ಮಿದುಳಿನ ಮಟ್ಟದಲ್ಲೂ ಒಂದು ಕೊಂಡಿ ಸಿಕ್ಕಿದೆ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಡೈಸೆರಾತ್ ತಂಡ ಇಲಿಗಳಿಗೆ ಕೆಟಮಿನ್ ಕೊಟ್ಟಾಗ, ಮಿದುಳಿನ ಹಿಂಭಾಗದ ಒಳಗೋಡೆಯಲ್ಲಿರುವ ರೆಟ್ರೋಸ್ಪ್ಲೀನಿಯಲ್ ಕಾರ್ಟೆಕ್ಸ್‌ನಲ್ಲಿ ಸೆಕೆಂಡಿಗೆ ಒಂದರಿಂದ ಮೂರು ಸಲ ಬಡಿಯುವ ಲಯ ಕಂಡಿತು. ಮೂರ್ಛೆರೋಗವಿದ್ದ ಒಬ್ಬ ರೋಗಿಗೆ ಸೆಳವು ಬರುವ ಮುನ್ನ ತನ್ನಿಂದ ತಾನು ಕಳಚಿಕೊಂಡ ಭಾವ ಬರುತ್ತಿತ್ತು. ಆ ಹೊತ್ತಿನಲ್ಲಿ ಅದಕ್ಕೆ ಸರಿಸಮನಾದ ಆಳದ ಭಾಗದಲ್ಲಿ ಅಂಥದ್ದೇ ಲಯ ಕಾಣಿಸುತ್ತಿತ್ತು. ಅಲ್ಲಿಗೆ ವಿದ್ಯುತ್ ಪ್ರಚೋದನೆ ಕೊಟ್ಟಾಗ ಅದೇ ಭಾವ ಮರುಕಳಿಸಿತು. ಔಷಧಿಯಿಲ್ಲದೆಯೂ ಮಿದುಳು ಈ ಸ್ಥಿತಿಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಅಪರೂಪ. ಆದರೆ ಡಿಪರ್ಸನಲೈಸೇಶನ್ ಕಾಯಿಲೆಯಲ್ಲಿ ಆ ಲಯ ಸದಾ ಓಡುತ್ತಿರುತ್ತದೆ ಎಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು. ಕಾಯಿಲೆಯ ಅಧ್ಯಯನಗಳಲ್ಲಿ ಕಂಡದ್ದು ಬೇರೆ: ಅಹಿತಕರ ಚಿತ್ರಗಳನ್ನು ನೋಡಿದಾಗ ದೇಹದೊಳಗಿನ ಸಂವೇದನೆಗೆ ಸಂಬಂಧಿಸಿದ ಇನ್ಸುಲಾ ಭಾಗ ಕಡಿಮೆ ಸ್ಪಂದಿಸುವುದು, ಚರ್ಮದ ಬೆವರಿನ ಪ್ರತಿಕ್ರಿಯೆ ಮಂದವಾಗುವುದು.

ಹಾಗಾದರೆ ಡಿಸೋಸಿಯೇಟಿವ್ ಔಷಧಿಗಳು, ಅಂದರೆ ಹೀಗೆ ತನ್ನಿಂದ ತಾನು ಕಳಚಿಕೊಂಡ ಭಾವ ತರುವ ಔಷಧಿಗಳು, ಈ ಕಾಯಿಲೆಯನ್ನು ತರುತ್ತವೆಯೇ? ಕೆಲವರಲ್ಲಿ ಚಾಲನೆ ಕೊಡುತ್ತವೆ. ಮಾದಕವಸ್ತುವಿನ ನಂತರ ಶುರುವಾದ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಹೆಸರು ಕೆಟಮಿನ್ ಅಲ್ಲ, ಗಾಂಜಾ. ಅದರ ಜೊತೆಗೆ ಎಕ್ಸ್‌ಟಸಿ, ಭ್ರಮೆ ಹುಟ್ಟಿಸುವ ವಸ್ತುಗಳು, ಕೆಟಮಿನ್ ಬರುತ್ತವೆ. 2003ರಲ್ಲಿ ಲಂಡನ್ನಿನ ಸಂಶೋಧಕರು ಹೀಗೆ ಶುರುವಾದ 40 ಪ್ರಕರಣಗಳನ್ನು ಮಾದಕವಸ್ತುವಿನ ಸಂಬಂಧವಿಲ್ಲದೆ ಶುರುವಾದವುಗಳ ಜೊತೆ ಹೋಲಿಸಿದರು. ಲಕ್ಷಣಗಳು ಬಹುಮಟ್ಟಿಗೆ ಒಂದೇ ಥರ ಇದ್ದವು. ರೋಗನಿರ್ಣಯದ ನಿಯಮವೂ ಇಲ್ಲಿ ಸ್ಪಷ್ಟ. ಮನೋರೋಗಗಳ ನಿರ್ಣಯಕ್ಕೆ ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ ಔಷಧಿ ದೇಹದಲ್ಲಿರುವಾಗ ಬರುವ ಸ್ಥಿತಿ ಈ ಕಾಯಿಲೆಯಲ್ಲ. ಔಷಧಿ ಪೂರ್ತಿ ಇಳಿದುಹೋದ ಮೇಲೂ ಅದು ಉಳಿದು ಬದುಕಿಗೆ ಅಡ್ಡಿಯಾದರೆ ಆಗ ಕಾಯಿಲೆ. ನಮ್ಮ ಓದು ಇದು: ಔಷಧಿ ಬಾಗಿಲು ತೆರೆಯುತ್ತದೆ, ಅದನ್ನು ತೆರೆದೇ ಇಡುವುದು ಬಹಳ ಸಲ ಆ ಗಳಿಗೆಯ ಗಾಬರಿ ಮತ್ತು ಅದರ ಹಿಂದೆ ಬರುವ ಕಾವಲು. ಎಚ್ಚರಿಕೆಯೆಲ್ಲ ಈ ಗಾಬರಿಯ ಸುತ್ತಲೇ ಇರಬೇಕೆಂದು ನಾವು ಒತ್ತಿ ಹೇಳುವುದು ಅದಕ್ಕೇ.

ಈ ದೃಷ್ಟಿಯಿಂದ ಕೇಂದ್ರದ ಸೇವೆಯನ್ನು ಅಳೆಯಲು ಮೊದಲ ಮಾಪನ ನೋಂದಣಿಯ ಮಾತುಕತೆ. ಒಳ್ಳೆಯ ಕೇಂದ್ರ ‘ಮನೋವಿಕೃತಿ ಇತ್ತೇ, ವ್ಯಸನ ಇತ್ತೇ, ಬಿ.ಪಿ. ಇದೆಯೇ’ ಎಂಬಲ್ಲಿಗೆ ನಿಲ್ಲುವುದಿಲ್ಲ. ‘ನೀವು ನಿಮ್ಮಿಂದಲೇ ಬೇರೆಯಾದಂತೆ ಅನ್ನಿಸಿದ್ದುಂಟೇ, ಎಷ್ಟು ಹೊತ್ತು, ಅದು ಯಾವುದಾದರೂ ವಸ್ತು ತೆಗೆದುಕೊಂಡ ಮೇಲೆ ಶುರುವಾಯಿತೇ’ ಎಂದೂ ಕೇಳುತ್ತದೆ. ಕೇಳದಿದ್ದರೆ ನೀವೇ ಹೇಳಿ. ಖಿನ್ನತೆಯ ಜಡತೆಯೆಂದು ಬರೆದುಕೊಂಡು ಮುಂದೆ ಹೋಗುವುದು ತೀರಾ ಸುಲಭ, ಏಕೆಂದರೆ ‘ಏನೂ ಅನ್ನಿಸುವುದಿಲ್ಲ’ ಎಂಬ ವಾಕ್ಯ ಎರಡೂ ಕಾಯಿಲೆಯವರ ಬಾಯಲ್ಲಿ ಒಂದೇ ಆಗಿರುತ್ತದೆ. ಖಿನ್ನತೆಯವರು ಸಾಮಾನ್ಯವಾಗಿ ಸುಖ ಹೋಯಿತು ಎನ್ನುತ್ತಾರೆ. ಡಿಪರ್ಸನಲೈಸೇಶನ್‌ನವರು ದುಃಖ, ಭಯ, ಪ್ರೀತಿ ಎಲ್ಲವೂ ಗಾಜಿನ ಆಚೆಗೆ ಹೋದವು ಎನ್ನುತ್ತಾರೆ. ಅವರಲ್ಲಿ ಕಾಯಿಲೆ ಹೆಚ್ಚಾಗಿ ಹದಿಹರೆಯದಲ್ಲೇ ಶುರುವಾಗಿರುತ್ತದೆ: 117 ಮಂದಿಯ ಒಂದು ದೊಡ್ಡ ಅಧ್ಯಯನದಲ್ಲಿ ಸರಾಸರಿ 16ನೆಯ ವಯಸ್ಸಿನಲ್ಲಿ. ಖಿನ್ನತೆ ನಂತರ ಬಂದು ಅದರ ಮೇಲೆ ಕೂತಿರಬಹುದು. ಯಾವುದು ಮೊದಲು ಬಂತು ಎಂಬುದನ್ನು ಕಾಲಾನುಕ್ರಮವಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಅರ್ಧ ಗಂಟೆಯ ಮಾತುಕತೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಅಳತೆಪಟ್ಟಿ, ಇಲ್ಲಿಯೇ ನಮ್ಮ ದೊಡ್ಡ ತಕರಾರು. ಎಸ್‌ಕೆಟಮಿನ್ ಪ್ರಯೋಗಗಳಲ್ಲಿ ಬಳಸಿದ್ದು ಕ್ಯಾಡ್ಸ್ (CADSS) ಎಂಬ ಪಟ್ಟಿ. ಅದು ‘ಈ ಕ್ಷಣದಲ್ಲಿ’ ಏನಾಗುತ್ತಿದೆ ಎಂದು ಕೇಳುತ್ತದೆ: ಬಣ್ಣ ಬದಲಾಯಿತೇ, ಸದ್ದು ಮಾಯವಾಯಿತೇ, ಕಾಲ ನಿಧಾನವಾಯಿತೇ. ಡೋಸಿನ ಏರಿಳಿತ ನೋಡಲು ಅದು ಸರಿ. ಆದರೆ ಸ್ಪ್ರೇ ಮುಟ್ಟುವ ಮೊದಲೇ ವರ್ಷಗಳಿಂದ ದೂರದಲ್ಲೇ ಬದುಕುತ್ತಿರುವವರಲ್ಲಿ ಒಂದೂವರೆ ಗಂಟೆಯ ನಂತರ ಅಂಕ ಮೊದಲಿನ ಮಟ್ಟಕ್ಕೆ ಬಂತೆಂದು ಗುರುತು ಹಾಕಿದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಇದಕ್ಕೆ ಬೇಕಾದದ್ದು ಕೇಂಬ್ರಿಜ್ ಡಿಪರ್ಸನಲೈಸೇಶನ್ ಸ್ಕೇಲ್. 2000ದಲ್ಲಿ ಸಿಯೆರಾ ಮತ್ತು ಬೆರಿಯೋಸ್ ರೂಪಿಸಿದ್ದು, 29 ಪ್ರಶ್ನೆ, ಕಳೆದ ಆರು ತಿಂಗಳ ಅನುಭವ. ಪ್ರತಿ ಪ್ರಶ್ನೆಗೂ ಎಷ್ಟು ಸಲ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ ಎಂದು ಎರಡು ಅಂಕ, ಒಟ್ಟು 290. 70ರ ಮೇಲಿದ್ದರೆ ಕಾಯಿಲೆಯ ಸಂಶಯ ಗಟ್ಟಿ. ಮೊದಲ ಡೋಸಿಗೆ ಒಂದು ವಾರ ಮುಂಚೆ ಇದನ್ನು ತುಂಬಿ ಕಡತದಲ್ಲಿಡುವಂತೆ ಕೇಳಿ. ಕಾಗದದ ಮೇಲೆ ಹತ್ತು ಹದಿನೈದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಇದನ್ನು ಮಾಡಲೊಪ್ಪದ ಕೇಂದ್ರಕ್ಕೆ ನಾವು ಅಂಕ ಕಡಿಮೆ ಕೊಡುತ್ತೇವೆ.

ಮೂರನೆಯದು ಕೋಣೆ ಮತ್ತು ಮನುಷ್ಯರು. ಕಿವಿಗೆ ಹೆಡ್‌ಫೋನ್, ಕಣ್ಣಿಗೆ ಪಟ್ಟಿ ಕೊಟ್ಟು ಒಳಗೆ ಇಳಿದುಹೋಗಿ ಎನ್ನುವ ಏರ್ಪಾಡು ಕೆಲವರಿಗೆ ಹಿತ. ಡಿಪರ್ಸನಲೈಸೇಶನ್ ಇರುವವರಿಗೆ ಅದು ಉಲ್ಟಾ ಹೊಡೆಯಬಹುದು, ಹಿಡಿಯಲು ಹೊರಗಿನ ಆಸರೆಯೇ ಇಲ್ಲದಂತಾಗುತ್ತದೆ. ಅವರಿಗೆ ಮಂದ ಬೆಳಕು, ಕಣ್ಣೆದುರು ಓದಲಾಗುವಂಥ ಗಡಿಯಾರ, ಕೈಗೆ ಒರಟಾದ ಬಟ್ಟೆ ಅಥವಾ ತಣ್ಣಗಿನ ವಸ್ತು, ಹೆಸರು ಹಿಡಿದು ಮಾತಾಡಿಸುವ ಒಬ್ಬ ಪರಿಚಿತ ನರ್ಸ್ ಇದ್ದರೆ ಸಾಕು. ಗಡಿಯಾರ ಯಾಕೆಂದರೆ, ‘ಈಗ 40ನೆಯ ನಿಮಿಷ, ಇದು ತುದಿ, ಇಲ್ಲಿಂದ ಇಳಿಯುತ್ತದೆ’ ಎಂಬ ಒಂದೇ ಮಾತು ಔಷಧಿಯ ಸ್ಥಿತಿಯನ್ನು ಕಾಯಿಲೆಯ ಸ್ಥಿತಿಯಿಂದ ಬೇರ್ಪಡಿಸುತ್ತದೆ. ಸಿಬ್ಬಂದಿ ಹದಿನೈದು ನಿಮಿಷಕ್ಕೊಮ್ಮೆ ಬಂದು ‘ಹೇಗನ್ನಿಸುತ್ತಿದೆ’ ಎಂದು ಕೇಳುವುದು ಒಳ್ಳೆಯದಲ್ಲವೇ ಎಂದರೆ, ಇಂಥವರಿಗೆ ಅಷ್ಟೇನೂ ಅಲ್ಲ. ಆ ಪ್ರಶ್ನೆ ಮತ್ತೆ ತನ್ನನ್ನೇ ಪರೀಕ್ಷಿಸಿಕೊಳ್ಳುವಂತೆ ಮಾಡುತ್ತದೆ. ‘ನಾನಿಲ್ಲೇ ಇದ್ದೇನೆ, ಬಿ.ಪಿ. ಸರಿಯಿದೆ, 20 ನಿಮಿಷ ಆಯಿತು’ ಎನ್ನುವುದು ಮೇಲು.

ಮಾತ್ರೆಗಳ ಪಟ್ಟಿಯನ್ನೂ ಕೇಂದ್ರ ಗಮನವಿಟ್ಟು ನೋಡಬೇಕು. ಡಿಪರ್ಸನಲೈಸೇಶನ್‌ಗೆಂದೇ ಒಪ್ಪಿಗೆ ಪಡೆದ ಔಷಧಿ ಯಾವುದೂ ಇಲ್ಲ, ಹಾಗಾಗಿ ಬಹಳ ಮಂದಿ ಲ್ಯಾಮೊಟ್ರಿಜಿನ್ (ಮೂರ್ಛೆರೋಗದ ಮಾತ್ರೆ), ಕ್ಲೋನಾಜೆಪಾಮ್ (ಆತಂಕ ಇಳಿಸುವ ಮಾತ್ರೆ), ಎಸ್‌ಎಸ್‌ಆರ್‌ಐಗಳ (ಸೆರೊಟೋನಿನ್ ಮೂಲಕ ಕೆಲಸ ಮಾಡುವ ಖಿನ್ನತೆ ಮಾತ್ರೆಗಳ) ಬೇರೆಬೇರೆ ಜೋಡಣೆಗಳ ಮೇಲಿರುತ್ತಾರೆ. ಲ್ಯಾಮೊಟ್ರಿಜಿನ್ ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ ಅದನ್ನು ಮೊದಲೇ ಕೊಟ್ಟಾಗ ಕೆಟಮಿನ್ ತರುವ ಗ್ರಹಿಕೆಯ ಏರುಪೇರು ಕಡಿಮೆಯಾಯಿತು. ಅದೇ ತರ್ಕ ಹಿಡಿದು ಡಿಪರ್ಸನಲೈಸೇಶನ್ ಕಾಯಿಲೆಗೆ ಅದನ್ನೊಂದೇ ಕೊಟ್ಟು ನೋಡಿದ 2003ರ ಚಿಕ್ಕ ಪ್ರಯೋಗ ಮಾತ್ರ ಫಲ ಕೊಡಲಿಲ್ಲ. ಔಷಧಿ ತಂದ ಸ್ಥಿತಿಗೂ ಕಾಯಿಲೆಗೂ ಒಂದೇ ಬೀಗದ ಕೈ ಹೊಂದುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಸ್ಪ್ರೇ ಚೆನ್ನಾಗಿ ಹಿಡಿಯಲೆಂದು ಲ್ಯಾಮೊಟ್ರಿಜಿನ್ ಅನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸುವುದು ಅಪಾಯ. ಕೆಲವು ದಿನ ಬಿಟ್ಟರೆ ಮತ್ತೆ ಸಣ್ಣ ಡೋಸಿನಿಂದಲೇ ಏರಿಸಬೇಕಾಗುತ್ತದೆ, ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತಾಗಬಲ್ಲ ಚರ್ಮದ ಪ್ರತಿಕ್ರಿಯೆಯ ಸಂಭವ ಹೆಚ್ಚು. ಕ್ಲೋನಾಜೆಪಾಮ್‌ನಂಥ ಮಾತ್ರೆ, ಮದ್ಯ, ಓಪಿಯಾಯ್ಡ್‌ಗಳು (ಮಾರ್ಫಿನ್‌ನಂಥ ನೋವು ನಿವಾರಕಗಳು) ಸ್ಪ್ರೇ ತರುವ ಮಂಪರನ್ನು ಗಾಢವಾಗಿಸುತ್ತವೆ. ಉಸಿರಾಟ ಕುಗ್ಗುವ ಎಚ್ಚರಿಕೆ ಈಗ ಲೇಬಲ್ಲಿನ ಮೇಲೆಯೇ ಇದೆ. ಉತ್ತೇಜಕಗಳು ಮತ್ತು ಎಂಎಒ ಎಂಬ ಕಿಣ್ವವನ್ನು ತಡೆಯುವ ಹಳೆಯ ಬಗೆಯ ಖಿನ್ನತೆ ಮಾತ್ರೆಗಳು ಬಿ.ಪಿ.ಯನ್ನು ಏರಿಸುತ್ತವೆ.

ಫಲದ ಮಾತಿಗೆ ಬಂದರೆ ಉತ್ಪ್ರೇಕ್ಷೆ ಬೇಡ, ತಾತ್ಸಾರವೂ ಬೇಡ. ಒಪ್ಪಿಗೆಗೆ ಆಧಾರವಾದ ಅಲ್ಪಾವಧಿಯ ಮೂರು ಪ್ರಯೋಗಗಳಲ್ಲಿ ಒಂದು ಮಾತ್ರ ಸಂಖ್ಯಾಶಾಸ್ತ್ರದ ಗೆರೆ ದಾಟಿತು. ಅದರಲ್ಲಿ ನಾಲ್ಕು ವಾರದ ಕೊನೆಗೆ 60 ಅಂಕದ ಖಿನ್ನತೆ ಮಾಪನದಲ್ಲಿ ಪ್ಲಾಸಿಬೋಗಿಂತ (ಔಷಧಿಯಿಲ್ಲದ ಹುಸಿ ಸ್ಪ್ರೇಗಿಂತ) ಸುಮಾರು 4 ಅಂಕ ಹೆಚ್ಚು ಸುಧಾರಣೆ. ಮರುಕಳಿಕೆ ತಡೆಯುವ ಪ್ರಯೋಗ ಗಟ್ಟಿಯಾಗಿ ಗೆದ್ದಿತು. 2023ರಲ್ಲಿ ಕ್ವೆಟಿಯಾಪಿನ್ ಎಂಬ ಮನೋರೋಗದ ಮಾತ್ರೆಯ ಜೊತೆ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ಎಂಟನೆಯ ವಾರಕ್ಕೆ ಖಿನ್ನತೆಯಿಂದ ಪೂರ್ತಿ ಹೊರಬಂದವರು ಸ್ಪ್ರೇ ಗುಂಪಿನಲ್ಲಿ 27.1%, ಇನ್ನೊಂದರಲ್ಲಿ 17.6%. ಇವೆಲ್ಲ ಖಿನ್ನತೆಯ ಲೆಕ್ಕ.

‘ಆ ತೇಲಾಟ ಬಂದರೇ ಔಷಧಿ ಹಿಡಿಯುವುದು’ ಎಂಬ ನಂಬಿಕೆ ಬಹಳ ಹರಡಿದೆ. ಸಿಬ್ಬಂದಿಯೇ ಹಾಗೆ ಹೇಳುವುದುಂಟು. ಡಿಸೋಸಿಯೇಶನ್‌ನ, ಅಂದರೆ ಈ ತೇಲಾಟದ, ತೀವ್ರತೆಗೂ ಖಿನ್ನತೆಯ ಸುಧಾರಣೆಗೂ ಸಂಬಂಧವಿದೆಯೇ ಎಂದು ನೋಡಿದ ಅಧ್ಯಯನಗಳು ಒಂದೇ ಕಡೆ ಬೆರಳು ತೋರಿಸುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ 40 ಖಿನ್ನತೆ ರೋಗಿಗಳಲ್ಲಿ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಪ್ಲಾಸಿಬೋ ಕೊಟ್ಟರು; ಎರಡೂ ಗುಂಪು ಸುಧಾರಿಸಿತು, ನಡುವೆ ವ್ಯತ್ಯಾಸ ಕಾಣಲಿಲ್ಲ. ಅನುಭವ ಬೇಕೇ, ನಿರೀಕ್ಷೆಯೇ ಕೆಲಸ ಮಾಡುತ್ತದೆಯೇ ಎಂಬ ಚರ್ಚೆ ಅದರಿಂದ ಇನ್ನೂ ಬಿಸಿಯಾಯಿತು. ಡಿಪರ್ಸನಲೈಸೇಶನ್ ಇರುವವರಿಗೆ ಇದರಿಂದ ಸಿಗುವ ಪ್ರಾಯೋಗಿಕ ಪಾಠ ಒಂದೇ: ಹೆಚ್ಚು ತೇಲಲೆಂದು 56ರಿಂದ 84ಕ್ಕೆ ಏರಿಸಿಕೊಳ್ಳಬೇಡಿ. ಡೋಸು ಏರಿಸುವ ಕಾರಣ ಖಿನ್ನತೆಯ ಅಂಕ ಇಳಿಯದಿರುವುದು ಮಾತ್ರ ಆಗಿರಬೇಕು.

ಮನೆಗೇ ಕಳುಹಿಸುವ ಕೆಟಮಿನ್ ಚೀಪುವ ಮಾತ್ರೆಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಮನೋರೋಗಗಳಿಗೆ ಕೆಟಮಿನ್‌ನ ಅಂಥ ಯಾವ ರೂಪಕ್ಕೂ ಎಫ್‌ಡಿಎ ಒಪ್ಪಿಗೆಯಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದು ಎಚ್ಚರಿಕೆಯನ್ನೇ ಹೊರಡಿಸಿತು. ಮನೆಯಲ್ಲಿ ತೆಗೆದುಕೊಂಡ ಒಬ್ಬ ರೋಗಿಯ ಉಸಿರಾಟ ಕುಗ್ಗಿದ್ದನ್ನೂ, ರಕ್ತದಲ್ಲಿ ಕೆಟಮಿನ್ ಪ್ರಮಾಣ ಅರಿವಳಿಕೆಗೆ ಬೇಕಾದದ್ದರ ಸುಮಾರು ಎರಡರಷ್ಟಿದ್ದುದನ್ನೂ ಅದರಲ್ಲಿ ಉಲ್ಲೇಖಿಸಿತ್ತು. ನಮ್ಮ ವಿಷಯಕ್ಕೆ ಇನ್ನೊಂದು ಕಾರಣ ಸೇರುತ್ತದೆ. ರಾತ್ರಿ ಒಬ್ಬರೇ ಕೋಣೆಯಲ್ಲಿ, ಪಕ್ಕದಲ್ಲಿ ಸಮಯ ಹೇಳುವವರಿಲ್ಲದೆ ಬರುವ ಗಾಬರಿ ಈ ಕಾಯಿಲೆಗೆ ಹದವಾದ ನೆಲ. ಪದೇಪದೇ, ಹೆಚ್ಚು ಪ್ರಮಾಣದಲ್ಲಿ ಕೆಟಮಿನ್ ಬಳಸುವವರಲ್ಲಿ ಮೂತ್ರಕೋಶದ ಹುಣ್ಣು, ನೆನಪಿನ ತೊಂದರೆ ದಾಖಲಾಗಿವೆ. ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫನ್ ಕೂಡ ಅತಿಯಾದಾಗ ಇದೇ ಎನ್‌ಎಂಡಿಎ ದಾರಿಯಲ್ಲಿ ಕೆಲಸ ಮಾಡುತ್ತದೆ. ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಸೆರೊಟೋನಿನ್ ಸಿಂಡ್ರೋಮ್‌ನ (ದೇಹದಲ್ಲಿ ಸೆರೊಟೋನಿನ್ ಅತಿಯಾಗಿ ಬರುವ ಗಂಭೀರ ಸ್ಥಿತಿಯ) ಅಪಾಯ. ಅದನ್ನು ಬದಲಿಯೆಂದು ಯೋಚಿಸುವುದೇ ಬೇಡ.

ಯಾರು ಸದ್ಯಕ್ಕೆ ಮುಂದೂಡಬೇಕು? ಗಾಂಜಾ ಅಥವಾ ಬೇರೆ ವಸ್ತುವಿನ ನಂತರ ಕಾಯಿಲೆ ಶುರುವಾಗಿ ವರ್ಷ ತುಂಬದವರು, ದಿನಾ ಪ್ಯಾನಿಕ್ ಬರುತ್ತಿರುವವರು, ಖಿನ್ನತೆಗಿಂತ ದೂರದ ಭಾವವೇ ಮುಖ್ಯ ನೋವಾಗಿರುವವರು ಮೊದಲು ಸಿಬಿಟಿ ಮಾಡಿಸಿಕೊಂಡು ಆಮೇಲೆ ಯೋಚಿಸಲಿ ಎಂಬುದು ನಮ್ಮ ಸಲಹೆ. ಆತ್ಮಹತ್ಯೆಯ ಯೋಚನೆ ಬರುತ್ತಿರುವವರ ಲೆಕ್ಕವೇ ಬೇರೆ. ಅವರು ಈ ಪಟ್ಟಿಗಳನ್ನೆಲ್ಲ ಬದಿಗಿಟ್ಟು ಇವತ್ತೇ ಮನೋವೈದ್ಯರನ್ನೋ ತುರ್ತು ಸೇವೆಯನ್ನೋ ಕಾಣಬೇಕು.

ಶುರು ಮಾಡಿದವರಿಗೆ ನಾಲ್ಕನೆಯ ವಾರದ ಕೊನೆ ಮುಖ್ಯ. ಮುಂದುವರಿಸುವುದೋ ಬೇಡವೋ ಎಂದು ಖಿನ್ನತೆಯ ಅಂಕ ನೋಡಿ ವೈದ್ಯರು ಅಂದು ನಿರ್ಧರಿಸುತ್ತಾರೆ. ಅದೇ ದಿನ ಕೇಂಬ್ರಿಜ್ ಪಟ್ಟಿಯನ್ನೂ ಮತ್ತೆ ತುಂಬಿ. ಅದು ಆರು ತಿಂಗಳ ಅನುಭವ ಕೇಳುವುದರಿಂದ, ಉತ್ತರಿಸುವಾಗ ಕಳೆದ ನಾಲ್ಕು ವಾರಗಳಿಗೆ ಸೀಮಿತಗೊಳಿಸಿದ್ದೀರಿ ಎಂದು ಮೇಲೆ ಬರೆಯಿರಿ. ಮೊದಲ ಸಲವೂ ಹಾಗೇ ಒಂದು ಪ್ರತಿ ತುಂಬಿಟ್ಟಿದ್ದರೆ ಹೋಲಿಕೆ ನೇರವಾಗುತ್ತದೆ. ಡೋಸಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಡುವಿನ ದಿನಗಳನ್ನು ಮಾತ್ರ ಹಿಡಿಯಿರಿ. ಖಿನ್ನತೆ ಇಳಿದು ಈ ಅಂಕವೂ ಇಳಿದರೆ ಮುಂದುವರಿಸಬಹುದು. ಖಿನ್ನತೆ ಇಳಿದು ಇದು ಇದ್ದಲ್ಲೇ ಇದ್ದರೆ ಸ್ಪ್ರೇ ತನ್ನ ಕೆಲಸ ಮಾಡಿದೆ. ಉಳಿದದ್ದಕ್ಕೆ ಸಿಬಿಟಿ ಜೊತೆಗಿರಬೇಕು. ಡೋಸಿನ ಮರುದಿನ, ಅದರಾಚೆಯ ದಿನವೂ ದೂರದ ಭಾವ ಮೊದಲಿಗಿಂತ ಗಟ್ಟಿಯಾಗಿ ನಿಂತು, ಒಂದಾದ ಮೇಲೊಂದು ಡೋಸಿಗೂ ಹಾಗೇ ಆದರೆ ಮುಂದಿನ ಡೋಸಿಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ ಹೇಳಿ, ಕುರ್ಚಿಯಲ್ಲಿ ಕೂತ ಮೇಲಲ್ಲ.